10×18 ಅಡಿ ಗ್ಯಾರೇಜ್: ಕಾರು, ಜೋಳ, ಕೆಲಸದ ಮೇಜು ಮೂರೂ ಹಿಡೀತಾವೇನ್ರಿ?

ಎರೆಸೀಮೆ

ಊರು ವಿಜಯಪುರ. ಮನೆಗೆ ಹತ್ತಿದ ಗ್ಯಾರೇಜ್, ಒಳಅಳತೆ 10×18 ಅಡಿ, ಎತ್ತರ 10 ಅಡಿ. ಮೂರು ಕಡೆ ಕರಿಕಲ್ಲಿನ ಗೋಡೆ, ಮೇಲೆ ಜಿ.ಐ. ಪತ್ರಾ (ತಗಡು), ಪೂರ್ವಕ್ಕೆ 8 ಅಡಿ ಅಗಲದ ಶಟರ್. ಹಿಂದಿನ ಗೋಡೆಗೆ ಸಂಜೆ ಬಿಸಿಲು ನೇರವಾಗಿ ಬಡಿಯುತ್ತದೆ. ನೆಲ ಫರಸಿ (ಹಾಸುಗಲ್ಲು). ಶಟರ್ ಕಡೆಯ ಅರ್ಧ ನೆಲದ ಕೆಳಗೆ 6,000 ಲೀಟರಿನ ಸಂಪ್ ಇದೆ. ಸಂಪಿನ ಆಚೆ, ಬಲಗೋಡೆಗೆ ಹತ್ತಿ ನೆಲ ಒಂದೂವರೆ ಇಂಚು ಕುಸಿದಿದೆ. ಶಟರ್ ಕೊನೆಯ ಒಂದು ಅಡಿ ಬಿಗಿಯಾಗಿ ಇಳಿಯುತ್ತದೆ.

ಬೇಕಾಗಿದ್ದು: 4 ಮೀಟರ್ ಒಳಗಿನ ಒಂದು ಕಾರು, ಒಂದು ಎಲೆಕ್ಟ್ರಿಕ್ ಸ್ಕೂಟರಿಗೆ ಚಾರ್ಜಿಂಗ್, 50 ಕಿಲೋದ 10 ಚೀಲ ಜೋಳ, ಒಂದು ಕೆಲಸದ ಮೇಜು, ಸಾಮಾನಿಗೆ ರ‍್ಯಾಕ್. ಮೊದಲು ಯಾವ ಕೆಲಸ ಹಿಡಿಯಬೇಕು? ರ‍್ಯಾಕಿನ ಅಂಗಡಿಯವರು ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಖಡಿ_ಉಸುಕು

ರ‍್ಯಾಕಿನವರಿಗೆ ಸ್ವಲ್ಪ ದಿನ ತಡೀರಿ ಅಂತ ಹೇಳಿ. ಕುಸಿದ ನೆಲ ಮತ್ತು ಬಿಗಿ ಶಟರ್ ಎರಡೂ ಒಂದೇ ರೋಗದ ಲಕ್ಷಣ ಇರಬಹುದು. ಕಾರಣ ತಿಳಿಯದೆ ಗೋಡೆಗೆ ತೂಕ ಹಾಕುವುದು ಬೇಡ.

ನಿಮ್ಮ ಕಡೆಯ ಎರೆ (ಕಪ್ಪು) ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಇಡೀ ನೆಲ ಒಟ್ಟಿಗೆ ಉಬ್ಬಿ ಒಟ್ಟಿಗೆ ಇಳಿದರೆ ಅಷ್ಟು ತೊಂದರೆ ಇಲ್ಲ. ಒಂದು ಕಡೆ ಹಸಿ, ಇನ್ನೊಂದು ಕಡೆ ಒಣ ಆದಾಗಲೇ ನೆಲ ಓರೆಯಾಗುವುದು. ನಿಮ್ಮಲ್ಲಿ ನೀರಿನ ಮೂಲ ಎರಡು: ಸಂಪ್ ಮತ್ತು ಪತ್ರಾದ ಹನಿ ಬೀಳುವ ಜಾಗ. ಎರಡನ್ನೂ ಪರೀಕ್ಷಿಸಿ.

ಸಂಪ್: ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ಮೋಟಾರ್ ಹಚ್ಚದೆ 24 ತಾಸು ಬಿಡಿ. ಮುಚ್ಚಳದ ಕೆಳಗಿನ ಗೋಡೆಗೆ ಪೆನ್ಸಿಲ್ ಗೆರೆ ಹಾಕಿರಿ. ತಳ 8×6.5 ಅಡಿ ಇದ್ದರೆ 10 ಮಿ.ಮೀ. ಇಳಿತ ಎಂದರೆ ಹತ್ತಿರ ಹತ್ತಿರ 50 ಲೀಟರ್. ಮುಚ್ಚಿದ ಸಂಪಿನಲ್ಲಿ ಆವಿಯಾಗಿ ಅಷ್ಟು ಹೋಗುವುದಿಲ್ಲ, ಅದು ಸೋರಿಕೆಯೇ.

ನೆಲಕ್ಕೋ ಗೋಡೆಗೋ ಬಿರುಕು ಬಿದ್ದಿದ್ದರೆ: ಅದಕ್ಕೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಎರಡಿಂಚಿನ ಪಟ್ಟಿ ಬಳಿದು ತಾರೀಖು ಬರೆಯಿರಿ. ಮೇ ತಿಂಗಳಲ್ಲಿ ಬಿರುಕು ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಂಡರೆ ಮಣ್ಣಿನ ಆಟ. ವರ್ಷವಿಡೀ ಒಂದೇ ದಿಕ್ಕಿಗೆ ಹಿಗ್ಗುತ್ತಿದ್ದರೆ ಕೆಳಗಿನಿಂದ ಮಣ್ಣು ಕೊಚ್ಚಿ ಹೋಗುತ್ತಿರಬಹುದು.

ಶಟರಿನ ಎರಡೂ ಗೈಡ್ ಪಟ್ಟಿಗೆ ತೂಗುಗುಂಡು ಹಿಡಿದು ನೋಡಿ. 8 ಅಡಿ ಎತ್ತರಕ್ಕೆ 5 ಮಿ.ಮೀ.ಗಿಂತ ಹೆಚ್ಚು ಓರೆ ಇದ್ದರೆ ಕಂಬ ವಾಲಿದೆ ಎಂದರ್ಥ. ಅಲ್ಲಿ ಎಷ್ಟು ಗ್ರೀಸ್ ಹಚ್ಚಿದರೂ ಉಪಯೋಗವಿಲ್ಲ.

ಫರಸಿ_ಪ್ರಿಯ

ಇಷ್ಟೆಲ್ಲ ಯಾಕ್ರಿ? ನಾಕು ಫರಸಿ ಎಬ್ಬಿಸಿ, ಕೆಳಗ ಉಸುಕು ತುಂಬಿ, ಮತ್ತ ಕೂಡಿಸಿದ್ರ ಮುಗೀತು. ಗೌಂಡಿಗೆ ಒಂದು ದಿನದ ಕೆಲಸ.

ಖಡಿ_ಉಸುಕು

ಹಾಗೆ ಮಾಡಿದ್ದು ಒಂದು ಮಳೆಗಾಲ ನಿಲ್ಲುತ್ತದೆ. ಎರೆ ಮಣ್ಣಿನ ಮೇಲೆ ಬರೀ ಉಸುಕು ಹಾಕಿದರೆ ಅದೇ ನೀರಿನ ಬಟ್ಟಲಾಗುತ್ತದೆ. ಬಿದ್ದ ನೀರೆಲ್ಲ ಉಸುಕಿನಲ್ಲಿ ನಿಂತು ಕೆಳಗಿನ ಮಣ್ಣಿಗೆ ನಿಧಾನವಾಗಿ ಇಳಿಯುತ್ತದೆ. ಫರಸಿ ಟೊಳ್ಳಾಗಿ ಕೂತಿದ್ದರಂತೂ ಒಂದೊಂದು ಗಾಲಿಯ 300 ಕಿಲೋಗೆ ನಡುಮಧ್ಯದಲ್ಲಿ ಸೀಳುತ್ತದೆ.

ಆದರೆ ಒಂದು ಮಾತು ಒಪ್ಪುತ್ತೇನೆ: ಎಲ್ಲ ಅಗೆಯಬೇಕಾಗಿಲ್ಲ. ಸಂಪಿನ ಮೇಲಿನ ಅರ್ಧಕ್ಕೆ ಸ್ಲ್ಯಾಬ್ ಇದೆ. ಅಗೆಯಬೇಕಾದದ್ದು ಹಿಂದಿನ 10×9 ಅಡಿ ಮಾತ್ರ. ಅದರ ಲೆಕ್ಕ ಹೀಗೆ.

ಎರೆ ಮಣ್ಣನ್ನು ಎರಡೂವರೆ ಅಡಿ ತೆಗೆಯಿರಿ. ಮೊದಲು ಗೋಡೆಯ ಅಡಿಪಾಯ ಎಷ್ಟು ಆಳಕ್ಕಿದೆ ಎಂದು ಒಂದು ಕಡೆ ತೋಡಿ ನೋಡಿ. ಅಡಿಪಾಯದ ತಳಕ್ಕಿಂತ ಕೆಳಗೆ ಇಳಿಯಬಾರದು, ಗೋಡೆಯಿಂದ ಒಂದು ಅಡಿ ಬಿಟ್ಟೇ ಅಗೆಯಬೇಕು, ಒಂದೇ ಸಲ ಪೂರ್ತಿ ತೆರೆಯದೆ ಎರಡು ಭಾಗ ಮಾಡಬೇಕು. ಸಂಪಿನ ಗೋಡೆ ಇರುವ ಬದಿಯಲ್ಲಿ ಅಗೆಯುವಾಗ ಸಂಪ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಹೊರಗಿನ ಮಣ್ಣಿನ ಆಸರೆ ಹೋದಾಗ ಒಳಗಿನ ನೀರು ಗೋಡೆಯನ್ನು ದೂಡುತ್ತದೆ.

ತುಂಬುವುದಕ್ಕೆ ಗರಸು (ಮೊರಂ ಮಣ್ಣು), ಬೇರೆ ಏನೂ ಬೇಡ. ಗೋಡೆಯ ಬದಿಗೆ ಬಿಟ್ಟ ಒಂದು ಅಡಿ ಕಳೆಯದೆ ಹಿಡಿದರೆ, ಎರಡು ಅಡಿ ತುಂಬಲು ಗಟ್ಟಿಯಾದ ಮೇಲಿನ ಲೆಕ್ಕ 180 ಘನ ಅಡಿ, ಸಡಿಲು ಗರಸು ಸುಮಾರು 230 ಘನ ಅಡಿ ತರಿಸಬೇಕು. ಆರಾರು ಇಂಚಿನ ಪದರ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಧುಮ್ಮಸು. ಒಂದೇ ಸಲ ಎರಡು ಅಡಿ ಸುರಿದು ಮೇಲಿನಿಂದ ಬಡಿದರೆ ಮೇಲಿನ ಆರಿಂಚು ಮಾತ್ರ ಗಟ್ಟಿ.

ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ನಂತರ 4 ಇಂಚು ಕಾಂಕ್ರೀಟ್, 1:1.5:3 (ಸಿಮೆಂಟ್, ಉಸುಕು, ಖಡಿ ಅಂದರೆ ಜಲ್ಲಿ). 10×9 ಅಡಿಗೆ 30 ಘನ ಅಡಿ ಆಗುತ್ತದೆ: ಸಿಮೆಂಟ್ 7 ಚೀಲ, ಉಸುಕು 13 ಘನ ಅಡಿ, 20 ಮಿ.ಮೀ. ಖಡಿ 25 ಘನ ಅಡಿ. 8 ಮಿ.ಮೀ. ಸರಳು ಎರಡೂ ದಿಕ್ಕಿಗೆ 8 ಇಂಚಿಗೊಂದು, ಒಟ್ಟು 36 ಕಿಲೋ. ಸರಳು ತಳಕ್ಕೆ ಮಲಗಿದರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಕೆಳಗೆ ಎರಡಿಂಚಿನ ಸಿಮೆಂಟ್ ಬಿಲ್ಲೆ ಇಟ್ಟು ಎತ್ತಬೇಕು. ನೀರು ಚೀಲಕ್ಕೆ 25 ಲೀಟರ್. ಉಸುಕು ಹಸಿ ಇದ್ದರೆ ಇನ್ನೂ ಕಡಿಮೆ. ಗೌಂಡಿ ಪೈಪ್ ಹಿಡಿದು ತೆಳ್ಳಗೆ ಮಾಡಲು ಹೊರಟರೆ ಕೈ ಹಿಡಿಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಹೊಸ ನೆಲವನ್ನು ಸಂಪಿನ ಸ್ಲ್ಯಾಬಿಗೂ ಗೋಡೆಗೂ ಅಂಟಿಸಬೇಡಿ. ನಡುವೆ 12 ಮಿ.ಮೀ. ಥರ್ಮಾಕೋಲ್ ಪಟ್ಟಿ ನಿಲ್ಲಿಸಿ ಎರೆಯಿರಿ, ಆಮೇಲೆ ಮೇಲಿನ ಅರ್ಧ ಇಂಚು ಕೆತ್ತಿ ಪಾಲಿಯುರೆಥೇನ್ ಸೀಲಂಟ್ ತುಂಬಿ. ಆಳದಲ್ಲಿ ಕೂತ ಸಂಪ್ ಅಷ್ಟಾಗಿ ಅಲುಗುವುದಿಲ್ಲ, ಮೇಲಿನ ನೆಲ ಅಲುಗುತ್ತದೆ. ಎರಡನ್ನೂ ಕೂಡಿಸಿದರೆ ಬಿರುಕು ಎಲ್ಲಿ ಬರಬೇಕೋ ಅಲ್ಲೇ ಬರುತ್ತದೆ. ಕುಸಿತ ಈಗ ಆಗಿರುವ ಜಾಗ ನೋಡಿ, ಸರಿಯಾಗಿ ಆ ಸಂದಿನ ಆಚೆಗೇ ಇದೆ.

ಬೇಸಿಗೆಯಲ್ಲಿ ಹಾಕುವುದಾದರೆ ಸಂಜೆ 5ರ ಮೇಲೆ. ಮಧ್ಯಾಹ್ನದ ಬಿಸಿಗಾಳಿಗೆ ಮೇಲ್ಪದರ ಎರಡು ತಾಸಿನಲ್ಲಿ ಕೂದಲು ಬಿರುಕು ಬಿಡುತ್ತದೆ. ಮರುದಿನದಿಂದ ಮಣ್ಣಿನ ಸಣ್ಣ ಬದು ಕಟ್ಟಿ 10 ದಿನ ನೀರು ನಿಲ್ಲಿಸಿ. ಕಾರು ಒಳಗೆ ಬರುವುದು 28 ದಿನಕ್ಕೆ.

ಇದರ ಜೊತೆಗೆ, ಗ್ಯಾರೇಜಿನ ಹೊರಗೆ ಗೋಡೆಗುಂಟ 3 ಅಡಿ ಅಗಲ ಫರಸಿಯನ್ನು ಹೊರಇಳಿಜಾರಿನಲ್ಲಿ ಕೂಡಿಸಿ. ಪತ್ರಾದ ನೀರಿಗೆ ಅಂಚಿನಲ್ಲಿ ದೋಣಿ (ಗಟರ್) ಕಟ್ಟಿ ಪೈಪಿನಲ್ಲಿ ದೂರ ಬಿಡಿ. ಹಣ ಕಡಿಮೆ ಇದ್ದರೆ ಈ ಎರಡನ್ನು ಮೊದಲು ಮಾಡಿ, ಒಳಗಿನ ಅಗೆತ ಮುಂದಿನ ವರ್ಷಕ್ಕೆ ಹೋಗಲಿ. ಮಣ್ಣಿಗೆ ಹಸಿ ತಲುಪದಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಫರಸಿ_ಪ್ರಿಯ

ಹೊರಗಿನ ಫರಸಿ ಮಾತಿಗೆ ಸೈ. ಒಳಗ ಮ್ಯಾಲ ಏನ್ ಹಾಕೂದು? ಎಪಾಕ್ಸಿ ಬಳಿಸ್ರಿ ಅಂತ ಎಲ್ಲಾರೂ ಹೇಳ್ತಾರ.

ಖಡಿ_ಉಸುಕು

ಮೊದಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿಯೆಲ್ಲ ಬಿಡಿ, 16 ತಾಸಾದರೂ ಇರಲಿ. ಕೆಳಗೆ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾದರೆ ಎಪಾಕ್ಸಿ ಆ ನೆಲಕ್ಕಲ್ಲ, ಹೊಪ್ಪಳಿಕೆ ಎದ್ದು ಬರುತ್ತದೆ. ಸಂಪಿನ ಮೇಲಿನ ಸ್ಲ್ಯಾಬ್ ಈ ಪರೀಕ್ಷೆ ದಾಟುವುದು ಕಷ್ಟ. ಇನ್ನೊಂದು, ನಮ್ಮ ಬಿಸಿಲಿಗೆ ಕಲಸಿದ ಎಪಾಕ್ಸಿ ಡಬ್ಬಿಯಲ್ಲೇ ಗಟ್ಟಿಯಾಗತೊಡಗುತ್ತದೆ. ಶಾಖ 10 ಡಿಗ್ರಿ ಏರಿದರೆ ಬಳಿಯಲು ಸಿಗುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಕಾಂಕ್ರೀಟನ್ನು ಹಾಗೇ ನುಣ್ಣಗೆ ತಿಕ್ಕಿ ಬಿಡುವುದೇ ಲೇಸು. ಶಟರ್ ಕಡೆಗೆ 100ಕ್ಕೆ 1ರ ಇಳಿಜಾರು ಇರಲಿ.

ನೀರುಗಂಟಿ

ಸಂಪಿನ ಬಗ್ಗೆ ಯಾರೂ ಮುಚ್ಚಳದ ಮಾತೇ ಎತ್ತಲಿಲ್ಲ. ಕುಡಿಯುವ ನೀರಿನ ಮೇಲೆ ಎಣ್ಣೆ ಸೋರುವ ಕಾರು ನಿಲ್ಲುತ್ತದೆ ಎನ್ನುವುದನ್ನು ಮರೆಯಬಾರದು. ನಾಲ್ಕೈದು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಸಂಪ್ ತೆಗೆಯಿರಿ ಎನ್ನಲಾಗದು. ಮುಚ್ಚಳವನ್ನು ಸರಿ ಮಾಡಿಕೊಳ್ಳಬಹುದು.

ಮುಚ್ಚಳದ ಜಾಗ ಗಾಲಿಯ ದಾರಿಯಲ್ಲಿ ಇರಬಾರದು. ಸಣ್ಣ ಕಾರುಗಳ ಎರಡು ಗಾಲಿಗಳ ನಡುವೆ ಒಳಗೆ 1.3 ಮೀಟರ್ ಜಾಗ ಸಿಗುತ್ತದೆ, 2 ಅಡಿಯ ಮುಚ್ಚಳ ಅಲ್ಲಿ ಆರಾಮ ಕೂರುತ್ತದೆ. ಆದರೆ ಅದು ಎಂಜಿನ್ನಿನ ಕೆಳಗೂ ಬರಬಾರದು. ಕಾರು ಮೂತಿ ಒಳಗೆ ಮಾಡಿ ನಿಲ್ಲುತ್ತದಾದ್ದರಿಂದ ಶಟರ್ ಕಡೆ, ಹಿಂದಿನ ಚಕ್ರಗಳ ಮುಂದೆ, ಒಳ್ಳೆಯ ಜಾಗ. ಸುತ್ತ 3 ಇಂಚಿನ ಕಟ್ಟೆ ಎತ್ತಿ. ಸಣ್ಣ ಕಾರಿನ ತಳ ನೆಲದಿಂದ ಆರಿಂಚು ಮೇಲಿರುವುದರಿಂದ ತಾಗುವುದಿಲ್ಲ, ನೆಲ ತೊಳೆದ ನೀರು ಒಳಗೆ ಹೋಗುವುದೂ ಇಲ್ಲ. ಕಟ್ಟೆ ಎತ್ತಲಾಗದೆ ಸಮತಲಕ್ಕೇ ಕೂಡಿಸಬೇಕಾದರೆ ಭಾರತೀಯ ಮಾನಕ ಐ.ಎಸ್. 1726ರ ಎಂ.ಡಿ.-10 (ಮಧ್ಯಮ ಭಾರದ) ದರ್ಜೆಯ ಮುಚ್ಚಳ, ರಬ್ಬರ್ ಸೀಲ್ ಸಹಿತ. ಅಂಗಡಿಯಲ್ಲಿ ಕೈಗೆ ಹಗುರ ಅನಿಸುವ ಎಲ್.ಡಿ.-2.5 ಪಾದಚಾರಿಗಳಿಗೆ ಮಾಡಿದ್ದು.

ಸ್ಲ್ಯಾಬಿನ ತಳವನ್ನೂ ಟಾರ್ಚ್ ಹಾಕಿ ನೋಡಿ. ಸಂಪಿನ ಆವಿಗೆ ಮೊದಲು ತುಕ್ಕು ಹಿಡಿಯುವುದು ಅಲ್ಲಿನ ಸರಳು. ಕಂದು ಗೆರೆ ಅಥವಾ ಉದುರಿದ ಗಿಲಾವು ಕಂಡರೆ ಎಂಜಿನಿಯರಿಗೆ ತೋರಿಸುವ ತನಕ ಕಾರು ಹೊರಗೇ ಇರಲಿ.

ಉದ್ಯಮಬಾಗ_ಫಿಟ್ಟರ್

ಈಗ ರ‍್ಯಾಕಿನ ಕಡೆ ಬರೋಣ್ರಿ. ಮೊದಲ ಕೆಲಸ ಟೇಪ್ ಹಿಡಿಯೂದು. ಅಗಲ 305 ಸೆಂ.ಮೀ., ಕಾರು 173, ಉಳಿದದ್ದು 132. ಡ್ರೈವರ್ ಬಾಗಲಾ ತಗದು ಇಳೀಲಿಕ್ಕೆ ಬಲಕ್ಕ 80 ಬಿಡ್ರಿ. ಎಡಕ್ಕ 52 ಉಳೀತೈತಿ, ಅದರಾಗ ಕನ್ನಡಿ 13 ತಿಂತೈತಿ. ಎಡಕ್ಕ ಕೂತವ್ರು ಹೊರಗ ಇಳಿದ ಮ್ಯಾಲ ಗಾಡಿ ಒಳಗ ಹಾಕಬೇಕು.

ಶಟರ್ 244 ಸೆಂ.ಮೀ. ಅಂದ್ರ ಎರಡೂ ಬಾಜೂ 30 ಸೆಂ.ಮೀ. ಕಂಬ ಒಳಗ ಬಂದಾವು. ಹಂಗಾದ್ರ ಎಡಗೋಡೆಗುಂಟ 30 ಸೆಂ.ಮೀ. ಜಾಗಾ ಕಾರಿಗಿ ಹೆಂಗೂ ಸಿಗಂಗಿಲ್ಲ. ಅದು ರ‍್ಯಾಕಿನ ಜಾಗಾ. ಅಂಗಡ್ಯಾಗ ಸಿಗೂದು 15 ಇಂಚಿನ ಹಲಗಿ, ಅಂದ್ರ 38 ಸೆಂ.ಮೀ. ಅದು ಬ್ಯಾಡ. 12 ಇಂಚಿಂದ ಹೇಳ್ರಿ. ಮೂರು ಇಂಚಿನ ಆಸೆಕ್ಕ ದಿನಾ ಕನ್ನಡಿ ತಿಕ್ಕಿಸ್ಕೊಬ್ಯಾಡ್ರಿ.

ಉದ್ದ 549. ಕಾರು 399, ಶಟರ್ ಕಡೆ 30, ಹಿಂದ ಮೇಜು 55. ನಿಂತು ಕೆಲಸ ಮಾಡಾಕ 65 ಉಳೀತೈತಿ. ಕುಂತು ಮಾಡೂ ಕೆಲಸಾದ್ರ ಗಾಡಿ ಹೊರಗ ತಗೀಬೇಕು, ಬ್ಯಾರೆ ದಾರಿ ಇಲ್ಲ. ಮೇಜಿನ ಎತ್ತರ ನಿಂತಾಗ ಮಣಿಕಟ್ಟಿನ ಮಟ್ಟ, 85ರಿಂದ 90 ಸೆಂ.ಮೀ. 40×40×5ರ ಆ್ಯಂಗಲ್ ಚೌಕಟ್ಟು, ಮ್ಯಾಲ 25 ಮಿ.ಮೀ. ಪ್ಲೈವುಡ್. ವಾಯ್ಸ್ (ಸಾಮಾನು ಬಿಗಿಹಿಡಿಯೂ ಇಕ್ಕಳ) ಕೂಡಸೂದು ಮೇಜಿನ ಕಾಲಿನ ನೇರಕ್ಕ, ನಟ್ಟನಡಕ ಅಲ್ಲ. ನಡಕ ಕೂಡಿಸಿದ್ರ ಹೊಡೆತಕ್ಕ ಹಲಗಿ ಕುಣೀತೈತಿ, ಹೊಡೆತ ಕೆಲಸಕ್ಕ ಹತ್ತಂಗಿಲ್ಲ.

ಕಾರಿನ ಮೂತಿ ಎಲ್ಲಿ ನಿಲ್ಲಬೇಕು ಅಂಬೂದಕ್ಕ ನೆಲಕ್ಕ ಒಂದು ಮೂರಿಂಚಿನ ಆ್ಯಂಗಲ್ ಬೋಲ್ಟ್ ಹೊಡೀರಿ, ಗಾಲಿ ತಾಗಿ ನಿಲ್ತೈತಿ. ಸಂಪಿನ ಸ್ಲ್ಯಾಬಿನ ಮ್ಯಾಲ ಮಾತ್ರ ಡ್ರಿಲ್ ಹಾಕಬ್ಯಾಡ್ರಿ.

ಗೋಡೆಗೆ ಬ್ರ್ಯಾಕೆಟ್ ಲೆಕ್ಕ: ಹಲಗಿ 30 ಸೆಂ.ಮೀ. ಆಳ, ತೂಕ 60 ಕಿಲೋ, ತೂಕದ ನಡ ಗೋಡೆಯಿಂದ 15ಕ್ಕ. ಬ್ರ್ಯಾಕೆಟ್ಟಿನ ನಿಂತ ಕಾಲು 30 ಇದ್ರ ಮ್ಯಾಲಿನ ಬೋಲ್ಟುಗಳನ್ನ ಹೊರಗ ಜಗ್ಗೂ ಬಲ 60×15÷30, ಅಂದ್ರ 30 ಕಿಲೋ, ಎರಡು ಬ್ರ್ಯಾಕೆಟ್ಟಿಗೆ ಹಂಚಿದ್ರ ತಲಾ 15. ಕಾಲು 15 ಸೆಂ.ಮೀ.ದು ಅಗ್ಗಕ್ಕ ಸಿಗ್ತೈತಿ ಅಂತ ತಂದ್ರ ಆ ಬಲ ಎರಡು ಪಟ್ಟು. ಬ್ರ್ಯಾಕೆಟ್ ಕೀಳೂದು ಕಬ್ಬಿಣ ಸಣ್ಣದಾಗಿ ಅಲ್ರಿ, ಕಾಲು ಗಿಡ್ಡಾಗಿ.

ಕರಿಕಲ್ಲಿನ ಗೋಡ್ಯಾಗ ಕಲ್ಲಿನ ನಡ ನೋಡಿ ತೂತು ಹಾಕ್ರಿ, ಸಂದಿನ ಮಸಾಲಿಗೆ ಅಲ್ಲ. ಸಂದಿನ ಹತ್ರ ಹಚ್ಚಿದ್ರ ಬಿಟ್ ಕಲ್ಲಿನ ಮೈಯಿಂದ ಜಾರಿ ಮಸಾಲಿಗೇ ಹೋಗತೈತಿ. 10 ಮಿ.ಮೀ. ಆ್ಯಂಕರ್ ಫಾಸ್ಟನರ್, ಎಸ್.ಡಿ.ಎಸ್. ಹ್ಯಾಮರ್ ಡ್ರಿಲ್, ತೂತಿನ ಧೂಳು ಊದಿ ತಗದ ಮ್ಯಾಲೇ ಬಿಗಿ ಮಾಡೂದು. ಬೆಳಗಾವಿ ಕಡೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ ಇದ್ದವ್ರು ಇದನ್ನ ಮಾಡಬ್ಯಾಡ್ರಿ. ಆ ಕಲ್ಲಿನ ಮೈತುಂಬ ತೂತು, ಆ್ಯಂಕರ್ ಹಿಗ್ಗಿದ ಕೂಡ್ಲೆ ಪುಡಿ ಆಗತೈತಿ. ಜಾಳಿಗಿ ತೋಳು ಹಾಕಿ ಕೆಮಿಕಲ್ ಆ್ಯಂಕರ್ (ಅಂಟು ತುಂಬಿ ಕೂಡಸೂ ಬೋಲ್ಟ್), ಇಲ್ಲಾಂದ್ರ ನೆಲದ ಮ್ಯಾಲೇ ನಿಲ್ಲೂ ರ‍್ಯಾಕ್ ತಂದು ಗೋಡೆಗೆ ಒಂದು ಹಿಡಿಕಿ ಅಷ್ಟ.

ಎರೆಸೀಮೆ

ಜೋಳದ ಚೀಲ ಮತ್ತು ಸ್ಕೂಟರ್ ಈ ಲೆಕ್ಕದಲ್ಲಿ ಬರಲೇ ಇಲ್ಲ.

ಕಣಜ

ಬರುವುದಿಲ್ಲ, ಬರಲೂಬಾರದು. ಚೀಲಕ್ಕೆ ಗೋಡೆಯಿಂದ ಒಂದೂವರೆ ಅಡಿ, ನೆಲದಿಂದ ಆರಿಂಚು ದೂರ ಬೇಕು. 50 ಕಿಲೋದ ಚೀಲ ಸಾಲಿಗೆ ಎರಡರಂತೆ ಒಂದರ ಮೇಲೊಂದು ಐದು ಸಾಲು ಇಟ್ಟರೆ ಕಟ್ಟಿಗೆಯ ಹಲಗೆ 120×90 ಸೆಂ.ಮೀ. ಗೋಡೆಯ ಅಂತರ 45 ಕೂಡಿದರೆ 135 ಸೆಂ.ಮೀ. ಆಳ ಬೇಕು. ಕಾರಿನ ಮುಂದೆ ನಿಮಗೆ ಉಳಿದಿರುವುದು 120, ಅದರಲ್ಲೇ ಮೇಜು. ಗೋಡೆಗೆ ಆತು ಇಟ್ಟರೆ ಮಳೆಗಾಲದಲ್ಲಿ ಹಿಂದಿನ ಚೀಲ ಬೂಸ್ಟು ಹಿಡಿಯುತ್ತದೆ.

ಜಾಗ ಇದ್ದರೂ ಬೇಡ ಎನ್ನಲು ಬೇರೆ ಕಾರಣ ಇದೆ. ಧಾನ್ಯ ಪೆಟ್ರೋಲ್, ಥಿನ್ನರ್ ವಾಸನೆ ಎಳೆದುಕೊಳ್ಳುತ್ತದೆ, ರೊಟ್ಟಿಯಲ್ಲಿ ಗೊತ್ತಾಗುತ್ತದೆ. ಪತ್ರಾದ ಕೆಳಗೆ ಹಗಲು ಕಾದು ರಾತ್ರಿ ತಣಿಯುವುದರಿಂದ ಚೀಲದೊಳಗಿನ ತೇವ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ಅಲ್ಲಿ ಹುಳ ಬೀಳುತ್ತದೆ. ಜೋಳವನ್ನು ಹಲ್ಲಿಗೆ ಕಟ್ ಎನ್ನುವಂತೆ ಒಣಗಿಸಿ, ತೇವ 12 ಶೇಕಡಕ್ಕಿಂತ ಕೆಳಗೆ ಇಳಿಸಿ, ಮನೆಯ ಒಳಗಿನ ತಂಪು ಕೋಣೆಯಲ್ಲಿ ತಗಡಿನ ಕಣಜದಲ್ಲಿ ತುಂಬಿ.

ಗ್ಯಾರೇಜಿನಲ್ಲಿಟ್ಟು ಹುಳಕ್ಕೆ ಗುಳಿಗೆ ಹಾಕುತ್ತೇವೆ ಎನ್ನುವವರಿಗೆ: ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ. ಮನೆಗೆ ಹತ್ತಿದ ಗ್ಯಾರೇಜಿನಿಂದ ಬಾಗಿಲ ಸಂದಿನಲ್ಲಿ ಮಲಗುವ ಕೋಣೆಗೆ ಬಂದರೆ ಜೀವ ಹೋಗುತ್ತದೆ. ಒಂದು ಗುಳಿಗೆಯೂ ಬೇಡ.

ಬಾಗಲಕೋಟಿ_ಬಿಸಿಲು

ಪತ್ರಾದ ವಿಷಯ. ಏಪ್ರಿಲ್ ಮಧ್ಯಾಹ್ನ ಪತ್ರಾದ ಮೈ 60 ಡಿಗ್ರಿ ದಾಟುವುದು ಸಾಮಾನ್ಯ. ಅದರ ಕೆಳಗೆ ಸ್ಪ್ರೇ ಪೇಂಟ್ ಡಬ್ಬಿ ಇಡಬಾರದು, 50 ಡಿಗ್ರಿಗಿಂತ ಹೆಚ್ಚಿನ ಶಾಖಕ್ಕೆ ಒಡ್ಡಬೇಡಿ ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ.

ಮೊದಲು ಮೇಲಿನಿಂದ ಬಿಳಿ ಬಣ್ಣ. ತುಕ್ಕು ತಂತಿಬ್ರಶ್‌ನಿಂದ ಕೆರೆದು, ಜಿಂಕ್ ಪ್ರೈಮರ್ ಹಚ್ಚಿ, ಬಿಸಿಲು ಪ್ರತಿಫಲಿಸುವ ಕೂಲ್ ರೂಫ್ ಬಣ್ಣ ಎರಡು ಕೈ. ಚಾಚು ಸೇರಿ 220 ಚದರ ಅಡಿಗೆ 10 ಲೀಟರ್ ಆಸುಪಾಸು. ಧೂಳು ಕೂತರೆ ಅದರ ಗುಣ ಹೋಗುತ್ತದೆ, ಮಾರ್ಚಿನಲ್ಲಿ ಒಮ್ಮೆ ತೊಳೆಯಬೇಕು. ಸುಣ್ಣವೂ ನಡೆಯುತ್ತದೆ, ಮೊದಲ ದೊಡ್ಡ ಮಳೆಗೆ ಹೋಗುತ್ತದೆ ಅಷ್ಟೆ. ಅದರ ಬೆಲೆಗೆ ಅದು ಅನ್ಯಾಯವೇನಲ್ಲ.

ಒಳಗಿನಿಂದ ಬೆಳ್ಳಿ ಹಾಳೆಯ ಬಬಲ್ ಶೀಟ್ ಹಾಕಿಸುವವರು ಪತ್ರಾಕ್ಕೇ ಅಂಟಿಸಿಬಿಡುತ್ತಾರೆ. ಹಣ ದಂಡ. ಹೊಳೆಯುವ ಹಾಳೆ ತಡೆಯುವುದು ಕಾಯ್ದ ಮೈಯಿಂದ ಸೂಸುವ ಶಾಖವನ್ನು. ತಗಡಿಗೆ ತಾಗಿದರೆ ಶಾಖ ನೇರವಾಗಿ ಹಾದುಹೋಗುತ್ತದೆ. ಕನಿಷ್ಠ ಒಂದಿಂಚು ಗಾಳಿಯ ಸಂದು ಬಿಟ್ಟು ತಂತಿಯ ಮೇಲೆ ಹಾಸಬೇಕು. ಥರ್ಮಾಕೋಲ್ ಛತ್ತು ಖಂಡಿತ ಬೇಡ. ಬೆಂಕಿ ತಾಗಿದರೆ ಉರಿಯುತ್ತ ಹನಿಹನಿಯಾಗಿ ಕೆಳಗಿನ ಕಾರಿನ ಮೇಲೇ ಬೀಳುತ್ತದೆ.

ಗಾಳಿಗೆ: ನೆರಳಿನ ಗೋಡೆಯಲ್ಲಿ ನೆಲದಿಂದ ಒಂದಡಿ ಮೇಲೆ ಒಂದು ಚದರ ಅಡಿಯ ಜಾಲಂಧರ, ಎದುರು ಗೋಡೆಯಲ್ಲಿ ಪತ್ರಾದ ಕೆಳಗೆ ಅಂಥವೇ ಎರಡು. ಬಿಸಿಗಾಳಿ ಮೇಲಿನಿಂದ ಹೋದರೆ ಕೆಳಗಿನಿಂದ ತಂಪು ಬರುತ್ತದೆ. ಇಲಿ, ಹಾವಿಗೆ 6 ಮಿ.ಮೀ. ಜಾಳಿಗೆ. ಶಟರ್ ಎಳೆದು ಒಳಗೆ ಎಂಜಿನ್ ಚಾಲೂ ಇಡುವುದು ಜಾಲಂಧರ ಇದ್ದರೂ ಸಲ್ಲದು.

ಉದ್ಯಮಬಾಗ_ಫಿಟ್ಟರ್

ಶಟರಿನ ಗೈಡಿಗೆ ಗ್ರೀಸ್ ಬ್ಯಾಡ್ರಿ, ನಿಮ್ಮ ಕಡೆ ಎರಿ ಧೂಳು ಅಂಟಿ ಸಾಣಿ ಹಿಡಿಯೂ ಪೇಸ್ಟ್ ಆಗತೈತಿ. ಒಣ ಬಟ್ಟಿಲೆ ಒರಸಿ ಗ್ರಾಫೈಟ್ ಪುಡಿ ಉದುರಿಸ್ರಿ. ನಮ್ಮ ಬೆಳಗಾವ್ಯಾಗ ತ್ರಾಸ ಉಲ್ಟಾ. ಆಷಾಢ ಶ್ರಾವಣದಾಗ ಪಾನಾ, ಉಳಿ ಎಲ್ಲಾ ಒಂದು ವಾರಕ್ಕ ಕೆಂಪ. ಹತಾರಗಳನ್ನ ಗೋಡೆಗೆ ನೇರ ತೂಗಹಾಕಬ್ಯಾಡ್ರಿ, ಒಂದು ಇಂಚು ದೂರ ಹಲಗಿ ಹೊಡದು ಅದಕ್ಕ ತೂಗಹಾಕ್ರಿ. ಮಷಿನ್ ಎಣ್ಣಿ ಬಟ್ಟಿಲೆ ತೆಳ್ಳಗ ಒರಸಿ ಇಡ್ರಿ. ಮತ್ತ ಇನ್ವರ್ಟರ್ ಬ್ಯಾಟರಿ ಹತಾರದ ರ‍್ಯಾಕಿನ ಕೆಳಗ ಇಡೂದು ನಿಲ್ಲಿಸ್ರಿ. ಚಾರ್ಜ್ ಆಗೂವಾಗ ಏಳೂ ಆ್ಯಸಿಡ್ ಮಂಜು ಮಳಿಗಿಂತ ಲಗೂನ ತುಕ್ಕು ತರತೈತಿ.

ಮೂರನೇ_ಫೇಸ್

ಸ್ಕೂಟರನ್ನು ಶಟರಿನ ಹೊರಗೆ ಚಾಚಿನ ಕೆಳಗೆ ನಿಲ್ಲಿಸಿ, ಚಾರ್ಜಿಂಗ್ ಅಲ್ಲೇ. ಸ್ಕೂಟರಿನ ಚಾರ್ಜರ್ ಸಾಮಾನ್ಯವಾಗಿ ಸಾವಿರ ವಾಟಿನ ಒಳಗೆ. ಆದರೆ ತಂತಿ ಎಳೆಯುವುದು ಒಂದೇ ಸಲ, ಆದ್ದರಿಂದ ನಾಳೆ ಬರಬಹುದಾದ ಎಲೆಕ್ಟ್ರಿಕ್ ಕಾರಿನ ಲೆಕ್ಕ ಹಿಡಿಯಿರಿ. 3.3 ಕಿಲೋವಾಟ್ ಎಂದರೆ 14 ಆಂಪಿಯರ್ ಮೇಲೆ, ಅದೂ ಏಳೆಂಟು ತಾಸು ಬಿಡದೆ. ಮೀಟರಿನಿಂದ 20 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಂತಿ ಇದ್ದರೆ ಹೋಗಿ ಬರುವ ದಾರಿ ಸೇರಿ 95 ವಾಟ್ ಶಾಖ ಪೈಪಿನೊಳಗೇ ಹುಟ್ಟುತ್ತದೆ, ಅದೂ ಬಿಸಿಲು ಹೀರಿದ ಗೋಡೆಯಲ್ಲಿ. 4 ಚದರ ಮಿ.ಮೀ. ತಾಮ್ರ ಎಳೆದರೆ 36 ವಾಟ್.

ಬೇರೆಯದೇ 20 ಆಂಪಿಯರ್ ಎಂ.ಸಿ.ಬಿ., 30 ಮಿಲಿಆಂಪಿಯರಿನ ಟೈಪ್ ಎ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ಕತ್ತರಿಸುವ ಸ್ವಿಚ್), ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್. ಮನೆಯ ಸಾಮಾನ್ಯ 16 ಆಂಪಿಯರ್ ಸಾಕೆಟ್ಟಿನ ಸ್ಪ್ರಿಂಗ್ ರಾತ್ರಿಯೆಲ್ಲ ಕಾದು ಸಡಿಲಾಗುತ್ತದೆ, ಸಡಿಲಾದಷ್ಟೂ ಇನ್ನಷ್ಟು ಕಾಯುತ್ತದೆ. ಒಳಗಿನ ಸಾಕೆಟ್‌ಗಳೆಲ್ಲ ನೆಲದಿಂದ 4 ಅಡಿ ಮೇಲಿರಲಿ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಗುಂಟ ಹರಡುತ್ತದೆ. ಕಾರು ಬಂದಾಗ ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕಾಗುತ್ತದೆ, ಬಿಲ್ಲಿನಲ್ಲಿ ಈಗ ಎಷ್ಟಿದೆ ನೋಡಿಡಿ.

ಅರ್ಥಿಂಗ್ ಬಗ್ಗೆ ಒಂದು ಮಾತು. ಎರೆ ಮಣ್ಣು ಹಸಿ ಇದ್ದಾಗ ಅರ್ಥಿಂಗಿಗೆ ಬಂಗಾರ. ಬೇಸಿಗೆಯಲ್ಲಿ ಕುಗ್ಗಿ ಕೊಳವೆಯಿಂದ ದೂರ ಸರಿದು ನಿಂತುಬಿಡುತ್ತದೆ, ಅಳತೆಯಲ್ಲಿ ರೋಧ ಏರುತ್ತದೆ. ಅರ್ಥ್ ಗುಂಡಿಗೆ ಫೆಬ್ರವರಿಯಿಂದ ವಾರಕ್ಕೊಂದು ಕೊಡ ನೀರು.

ಖಡಿ_ಉಸುಕು

ಆ ಗುಂಡಿ ಗ್ಯಾರೇಜಿನ ಅಡಿಪಾಯದಿಂದ 2 ಮೀಟರ್ ಆದರೂ ದೂರ ಇರಲಿ ಮಾರಾಯ್ರೆ. ಮಣ್ಣಿಗೆ ನೀರು ಹೋಗದಂತೆ ಇಷ್ಟೆಲ್ಲ ಫರಸಿ ಹಾಸಿಸಿದ್ದೇವೆ.

ಮೂರನೇ_ಫೇಸ್

ಒಪ್ಪಿದೆ. ಹಿಂದಿನ ಬಲಮೂಲೆಯ ಹೊರಗೆ ತೋಡಿಸಿ, ಹಸಿರು ತಂತಿ 4 ಚದರ ಮಿ.ಮೀ.ದೇ ಇರಲಿ. ಮುಂದೆ ತಂತಿ ಎಳೆಯಲು ಬೇಕಾಗುತ್ತದೆ, ಕಾಂಕ್ರೀಟ್ ಹಾಕುವ ಮೊದಲೇ ನೆಲದ ಕೆಳಗೆ ಒಂದಿಂಚಿನ ಖಾಲಿ ಪೈಪ್ ಒಂದನ್ನು ಅಡ್ಡಕ್ಕೆ ಹಾಯಿಸಿ, ಎರಡೂ ಬಾಯಿಗೆ ಕ್ಯಾಪ್ ಹಾಕಿ ಬಿಟ್ಟಿರಿ.